ಅಂಗಡಿ ಕಂಪ್ಯೂಟರ್ ನಿಧಾನವಾಗಿದೆಯೇ? ಪ್ರೊಸೆಸರ್‌ಗೆ ದುಡ್ಡು ಹಾಕುವ ಮೊದಲು ರ‍್ಯಾಮ್ ನೋಡಿ

ಹಾವೇರಿ: ಜಿಲ್ಲೆಯ ಕಿರಾಣಿ ಅಂಗಡಿ, ಗೊಬ್ಬರದ ಅಂಗಡಿ, ಝೆರಾಕ್ಸ್ ಸೆಂಟರ್, ದಲಾಲಿ ಅಂಗಡಿಗಳಲ್ಲಿ ಇವತ್ತಿಗೂ ಎಂಟು–ಹತ್ತು ವರ್ಷದ ಹಳೆ ಕಂಪ್ಯೂಟರ್‌ಗಳು ಓಡುತ್ತಿವೆ. ಬಿಲ್ಲು, ಟ್ಯಾಲಿ, ಜಿಎಸ್‌ಟಿ ರಿಟರ್ನ್, ವಾಟ್ಸಾಪ್ ವೆಬ್ ಎಲ್ಲಾ ಒಂದೇ ಮಷಿನ್ ಮೇಲೆ. ಅದು ನಿಧಾನವಾದರೆ ಗಿರಾಕಿ ಕೌಂಟರ್ ಮುಂದೆ ನಿಂತಿರುತ್ತಾರೆ, ಒಳಗೆ ಮಾಲೀಕರು ಮೌಸ್ ಅಲ್ಲಾಡಿಸುತ್ತಾ ಕೂತಿರುತ್ತಾರೆ. ರಿಪೇರಿಗೆ ತೋರಿಸಿದರೆ ಬಹಳ ಸಲ ಬರುವ ಉತ್ತರ ಒಂದೇ: "ಹಳೇದಾತ್ರಿ, ಹೊಸಾದು ತಗೊಂಡ್ಬಿಡ್ರಿ."

ಆ ಮಾತು ಕೆಲವು ಮಷಿನ್‌ಗಳ ಮಟ್ಟಿಗೆ ನಿಜ. ಆದರೆ ಎಲ್ಲದಕ್ಕೂ ಅಲ್ಲ. ಬಿಲ್ಲು–ಲೆಕ್ಕ–ಇಂಟರ್ನೆಟ್ ಕೆಲಸದ ಕಂಪ್ಯೂಟರ್ ನಿಧಾನವಾಗಲು ಮೊದಲ ಕಾರಣ ಸಾಮಾನ್ಯವಾಗಿ ಪ್ರೊಸೆಸರ್ ಅಲ್ಲ, ರ‍್ಯಾಮ್ ಕಡಿಮೆ ಇರುವುದು ಮತ್ತು ಹಳೆ ಹಾರ್ಡ್ ಡಿಸ್ಕ್. ಇವೆರಡನ್ನು ಬದಲಿಸಲು ಆಗುವ ಖರ್ಚು ಹೊಸ ಸಿಸ್ಟಮ್‌ನ ಖರ್ಚಿನ ಒಂದು ಸಣ್ಣ ಪಾಲು. ಪ್ರೊಸೆಸರ್ ವಿಷಯ ಬೇರೆ. ಅದು ಮದರ್‌ಬೋರ್ಡ್‌ಗೆ ಕಟ್ಟಿಹಾಕಿದ ಹಸು ಇದ್ದಂತೆ, ಹಗ್ಗ ಇದ್ದಷ್ಟು ದೂರ ಮಾತ್ರ ಹೋಗಬಹುದು.

ಮೊದಲು ಐದು ನಿಮಿಷದ ಪರೀಕ್ಷೆ

ಇದಕ್ಕೆ ದುಡ್ಡು ಬೇಡ, ಮೆಕ್ಯಾನಿಕ್ ಸಹ ಬೇಡ. ಅಂಗಡಿಯಲ್ಲಿ ಗದ್ದಲ ಇರುವ ಹೊತ್ತಿನಲ್ಲಿ, ಎಲ್ಲಾ ಕೆಲಸ ತೆರೆದಿಟ್ಟುಕೊಂಡೇ ಕೀಬೋರ್ಡ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಬೇಕು. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬ ಭಾಗಕ್ಕೆ ಹೋದರೆ ಸಿಪಿಯು, ಮೆಮೊರಿ, ಡಿಸ್ಕ್ ಮೂರರ ಲೆಕ್ಕವೂ ಕಾಣುತ್ತದೆ.

ಮೆಮೊರಿ ಶೇ 85–90 ದಾಟಿ ನಿಂತಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಡಿಸ್ಕ್ ಸದಾ ಶೇ 100ರಲ್ಲಿದ್ದು ಸಿಪಿಯು ಶೇ 20–30ರಲ್ಲಿ ಸುಮ್ಮನೆ ಕೂತಿದ್ದರೆ ತೊಂದರೆ ಹಾರ್ಡ್ ಡಿಸ್ಕ್‌ನದು. ಇವೆರಡೂ ಒಟ್ಟಿಗೆ ಬರುವುದೇ ಹೆಚ್ಚು. ರ‍್ಯಾಮ್ ತುಂಬಿದಾಗ ವಿಂಡೋಸ್ ಉಳಿದ ಸಾಮಾನನ್ನು ಡಿಸ್ಕ್‌ನಲ್ಲಿ ಇಡುತ್ತದೆ, ಬೇಕಾದಾಗ ಅಲ್ಲಿಂದ ತರುತ್ತದೆ. ಅಂಗಡಿಯ ಜಾಗ ಸಾಲದೆ ಊರಾಚೆಯ ಗೋದಾಮಿನಲ್ಲಿ ಮಾಲು ಇಟ್ಟು, ಗಿರಾಕಿ ಕೇಳಿದಾಗಲೆಲ್ಲಾ ಅಲ್ಲಿಗೆ ಓಡಿದ ಹಾಗೆ. ಆಗ ಎಷ್ಟೇ ಚುರುಕಿನ ಕೆಲಸಗಾರ ಇದ್ದರೂ ಗಿರಾಕಿ ಕಾಯಲೇಬೇಕು. ಪ್ರೊಸೆಸರ್ ಬದಲಿಸಿದರೂ ಈ ಓಡಾಟ ತಪ್ಪುವುದಿಲ್ಲ.

ಸಿಪಿಯು ಒಂದೇ ಶೇ 100 ಮುಟ್ಟಿ ಅಲ್ಲೇ ನಿಂತಿದ್ದು, ಮೆಮೊರಿ ಆರಾಮಾಗಿದ್ದರೆ ಮಾತ್ರ ಪ್ರೊಸೆಸರ್ ಮಾತು ಎತ್ತಬಹುದು. ಅದಕ್ಕೂ ಮೊದಲು ಕ್ಯಾಬಿನೆಟ್‌ನ ಪಕ್ಕದ ಬಾಗಿಲು ಬಿಚ್ಚಿ ಪ್ರೊಸೆಸರ್ ಮೇಲಿನ ಫ್ಯಾನ್ ನೋಡುವುದು ಒಳ್ಳೆಯದು. ಬ್ಯಾಡಗಿಯ ಮೆಣಸಿನಕಾಯಿ ಧೂಳು, ಹಿಟ್ಟಿನ ಗಿರಣಿ ಪಕ್ಕದ ಹಿಟ್ಟು, ಅರಳೆಯ ಎಳೆ, ರಸ್ತೆ ಮಣ್ಣು ಎಲ್ಲಾ ಅಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಗಾಳಿ ಆಡದೆ ಬಿಸಿಯಾದ ಪ್ರೊಸೆಸರ್ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ. ಬ್ಲೋವರ್ ಹಿಡಿದು ಧೂಳು ತೆಗೆಸಿ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದರೆ ಸಾಕಾಗುವ ಮಷಿನ್‌ಗಳೂ ಇವೆ. ಹಾಗಿದ್ದಾಗ ಹೊಸ ಪ್ರೊಸೆಸರ್ ಹಾಕಿಸಿದರೆ ಅದೂ ಅದೇ ಧೂಳಿನಲ್ಲಿ ಬಿಸಿಯಾಗುತ್ತದೆ.

ರ‍್ಯಾಮ್ ಎಷ್ಟು ಬೇಕು, ಯಾವುದು ಬೇಕು

ಟ್ಯಾಲಿ ಒಂದೇ ಓಡುವ ಮಷಿನ್‌ಗೆ 4 ಜಿಬಿ ಹೇಗೋ ನಡೆಯುತ್ತದೆ. ಅದರ ಜೊತೆ ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್, ವಾಟ್ಸಾಪ್ ವೆಬ್, ಒಂದು ಎಕ್ಸೆಲ್ ಶೀಟು ಇದ್ದರೆ 8 ಜಿಬಿ ಬೇಕೇ ಬೇಕು. ಸಾಮಾನ್ಯ ಅಂಗಡಿಗೆ ಇದೇ ಸರಿಯಾದ ಅಳತೆ, ಅದಕ್ಕಿಂತ ಹೆಚ್ಚು ಹಾಕಿಸಿದರೆ ಕಣ್ಣಿಗೆ ಕಾಣುವ ಲಾಭ ಕಡಿಮೆ. ಫೋಟೊಶಾಪ್, ಕೋರೆಲ್‌ಡ್ರಾ ಹಾಕಿಕೊಂಡಿರುವ ಸ್ಟುಡಿಯೋ, ಫ್ಲೆಕ್ಸ್ ಅಂಗಡಿಗಳಿಗೆ 16 ಜಿಬಿ. ಮದುವೆ ವಿಡಿಯೋ ಎಡಿಟಿಂಗ್ ಮಾಡುವವರಿಗೆ ಅದೂ ಕಡಿಮೆ ಬೀಳಬಹುದು.

ರ‍್ಯಾಮ್ ಹಾಕಿಸುವ ಮೊದಲು ವಿಂಡೋಸ್ 32 ಬಿಟ್‌ನದೋ 64 ಬಿಟ್‌ನದೋ ನೋಡಬೇಕು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರ ಕೊನೆಯಲ್ಲಿ ಅಬೌಟ್ ಅಂತ ಇರುವಲ್ಲಿ ಇದು ಬರೆದಿರುತ್ತದೆ. 32 ಬಿಟ್ ಆಗಿದ್ದರೆ 8 ಜಿಬಿ ಹಾಕಿಸಿದರೂ 4 ಜಿಬಿಗಿಂತ ಹೆಚ್ಚು ಬಳಕೆಗೆ ಸಿಗುವುದಿಲ್ಲ, ದುಡ್ಡು ದಂಡ. ಮೊದಲು 64 ಬಿಟ್ ವಿಂಡೋಸ್ ಹಾಕಿಸಬೇಕು.

ಮುಂದಿನದು ಜಾತಿ. ರ‍್ಯಾಮ್‌ನಲ್ಲಿ ಡಿಡಿಆರ್2, ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂದು ಪೀಳಿಗೆಗಳಿವೆ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಪಟ್ಟಿಯ ಅಂಚಿನಲ್ಲಿರುವ ಸಣ್ಣ ಕಚ್ಚು ಪ್ರತಿ ಪೀಳಿಗೆಗೂ ಬೇರೆ ಜಾಗದಲ್ಲಿದೆ. ಡೆಸ್ಕ್‌ಟಾಪ್‌ನ ಡಿಡಿಆರ್3ಕ್ಕೆ 240 ಪಿನ್ನು, 1.5 ವೋಲ್ಟು. ಡಿಡಿಆರ್4ಕ್ಕೆ 288 ಪಿನ್ನು, 1.2 ವೋಲ್ಟು. ಡಿಡಿಆರ್5ಕ್ಕೂ 288 ಪಿನ್ನೇ, ಆದರೂ ಕಚ್ಚಿನ ಜಾಗ ಬೇರೆ. ಬಲವಂತ ಮಾಡಿದರೆ ಸ್ಲಾಟ್ ಮುರಿಯುತ್ತದೆ.

ಎಲ್ಲಕ್ಕಿಂತ ಸುಲಭ ಉಪಾಯ, ಹಳೆ ರ‍್ಯಾಮ್ ಬಿಚ್ಚಿ ಅದರ ಮೇಲಿನ ಚೀಟಿಯ ಫೋಟೊ ತೆಗೆದುಕೊಂಡು ಹೋಗುವುದು. ಅದರಲ್ಲಿ ಪಿಸಿ3-12800 ಎಂದಿದ್ದರೆ ಡಿಡಿಆರ್3, 1600 ವೇಗದ್ದು. ಪಿಸಿ3-10600 ಎಂದರೆ 1333 ವೇಗದ್ದು. ಪಿಸಿ4-2400 ಎಂದಿದ್ದರೆ ಡಿಡಿಆರ್4, 2400 ವೇಗದ್ದು. ಬೇರೆ ಬೇರೆ ವೇಗದ ಎರಡು ಪಟ್ಟಿ ಹಾಕಿದರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ. ನೊಗಕ್ಕೆ ಕಟ್ಟಿದ ಜೋಡೆತ್ತಿನಲ್ಲಿ ಒಂದು ಕುಂಟಿದರೆ ಇನ್ನೊಂದೂ ಕಾಯುವ ಹಾಗೆ ಅಂತ ತಿಳಿದುಕೊಳ್ಳಬಹುದು. ಅದರಿಂದ ಕೆಡುಕೇನೂ ಇಲ್ಲ. ಹೆಚ್ಚು ವೇಗದ್ದಕ್ಕೆ ಹೆಚ್ಚು ದುಡ್ಡು ಕೊಡಬೇಕಿಲ್ಲ ಅಷ್ಟೇ.

ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ಇವೆ, ಎಷ್ಟು ತುಂಬಿವೆ ಎಂಬುದೂ ಕಾಣುತ್ತದೆ. ಎರಡರಲ್ಲಿ ಒಂದು ಖಾಲಿ ಇದ್ದರೆ ಹಳೆ 4 ಜಿಬಿ ಪಕ್ಕ ಇನ್ನೊಂದು 4 ಜಿಬಿ ಹಾಕಿದರೆ ಸಾಕು. ಒಂದೇ 8 ಜಿಬಿ ಪಟ್ಟಿಗಿಂತ ಎರಡು 4 ಜಿಬಿ ಪಟ್ಟಿಗಳು ಜೋಡಿಯಾಗಿ ಕೆಲಸ ಮಾಡುವುದರಿಂದ ವೇಗವೂ ಸ್ವಲ್ಪ ಹೆಚ್ಚು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮಷಿನ್‌ಗಳಲ್ಲಿ ಇದರ ಲಾಭ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಅಗ್ಗದ ಆಮಿಷ ಇಲ್ಲಿ ಎರಡಿವೆ. ಆನ್‌ಲೈನ್‌ನಲ್ಲಿ ತೀರಾ ಕಡಿಮೆ ಬೆಲೆಗೆ ಸಿಗುವ ಕೆಲವು 8 ಜಿಬಿ ಡಿಡಿಆರ್3 ಪಟ್ಟಿಗಳ ವಿವರದಲ್ಲಿ ಸಣ್ಣದಾಗಿ "ಎಎಂಡಿ ಬೋರ್ಡ್‌ಗೆ ಮಾತ್ರ" ಅಂತ ಬರೆದಿರುತ್ತದೆ. ಇಂಟೆಲ್ ಬೋರ್ಡ್‌ಗೆ ಹಾಕಿದರೆ ಮಷಿನ್ ಏಳುವುದೇ ಇಲ್ಲ. ಎರಡನೆಯದು ಸರ್ವರ್‌ಗಳಿಂದ ಬಿಚ್ಚಿದ ರ‍್ಯಾಮ್. ನೋಡಲು ಒಂದೇ ತರ, ಬೆಲೆ ಅರ್ಧ, ಆದರೆ ರಿಜಿಸ್ಟರ್ಡ್ ಮಾದರಿಯ ಆ ಪಟ್ಟಿ ಸಾಮಾನ್ಯ ಡೆಸ್ಕ್‌ಟಾಪ್‌ನಲ್ಲಿ ನಡೆಯುವುದಿಲ್ಲ.

2025ರ ಕೊನೆಯಿಂದ ರ‍್ಯಾಮ್ ದರ ಏರಿದೆ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಹೆಚ್ಚು ಹೋಗುತ್ತಿರುವುದೇ ಕಾರಣ. ಈಗಿನ ದರ ಕಿರಾಣಿ ಎಣ್ಣೆಯ ದರದಂತೆ, ಹೋದ ತಿಂಗಳು ಕೇಳಿದ್ದು ಈ ತಿಂಗಳು ಇರುವುದಿಲ್ಲ. ಹಳೆ ಮಷಿನ್‌ನಲ್ಲಿರುವ ರ‍್ಯಾಮ್ ಅನ್ನು "ಇದಕ್ಕೇನೂ ಬೆಲೆ ಇಲ್ಲ" ಎಂಬ ಮಾತು ಕೇಳಿ ಬಿಟ್ಟುಕೊಡುವ ಕಾಲ ಇದಲ್ಲ.

ಹಾರ್ಡ್ ಡಿಸ್ಕ್ ಬಗ್ಗೆ ಎರಡೇ ಮಾತು

ರ‍್ಯಾಮ್ ಹಾಕಿಸಿ ಹಾರ್ಡ್ ಡಿಸ್ಕ್ ಹಾಗೇ ಬಿಟ್ಟರೆ ಅರ್ಧ ಕೆಲಸ ಆದಂತೆ. ತಿರುಗುವ ಹಳೆ ಡಿಸ್ಕ್ ಜಾಗದಲ್ಲಿ 240 ಅಥವಾ 256 ಜಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿ ಅದರಲ್ಲಿ ವಿಂಡೋಸ್ ಇಟ್ಟರೆ, ನಿಮಿಷಗಟ್ಟಲೆ ಕಾಯಿಸುತ್ತಿದ್ದ ಮಷಿನ್ ಸೆಕೆಂಡುಗಳಲ್ಲಿ ಏಳುತ್ತದೆ. ಹತ್ತು ವರ್ಷದ ಹಳೆ ಬೋರ್ಡ್‌ಗೂ ಇದು ಹೊಂದುತ್ತದೆ, ಹಳೆ ಡಿಸ್ಕ್‌ಗೆ ಬಳಸುತ್ತಿದ್ದ ವೈರುಗಳೇ ಸಾಕು. ಹಳೆ ಡಿಸ್ಕ್ ಅನ್ನು ಫೋಟೊ, ಹಳೆ ಬಿಲ್ಲುಗಳಿಗೆ ಇಟ್ಟುಕೊಳ್ಳಬಹುದು. ಈ ಕೆಲಸಕ್ಕೆ ಕೈ ಹಾಕುವ ಮೊದಲು ಟ್ಯಾಲಿ ಡೇಟಾ ಪೆನ್‌ಡ್ರೈವ್‌ಗೆ ಬ್ಯಾಕಪ್ ತೆಗೆದು ಆ ಪೆನ್‌ಡ್ರೈವ್ ಮಾಲೀಕರ ಜೇಬಿನಲ್ಲೇ ಇರಬೇಕು.

ಪ್ರೊಸೆಸರ್: ಸಾಕೆಟ್ ಹೇಳಿದ್ದೇ ಕಾನೂನು

ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಎನ್ನುತ್ತಾರೆ. ಇಂಟೆಲ್ ಎರಡು–ಮೂರು ಪೀಳಿಗೆಗೊಮ್ಮೆ ಅದನ್ನು ಬದಲಿಸುತ್ತಾ ಬಂದಿದೆ. 2 ಮತ್ತು 3ನೇ ಪೀಳಿಗೆಗೆ 1155, 4ನೇದಕ್ಕೆ 1150, 6 ಮತ್ತು 7ಕ್ಕೆ 1151, 10 ಮತ್ತು 11ಕ್ಕೆ 1200, 12ರಿಂದ 14ರವರೆಗೆ 1700. ಪೀಳಿಗೆ ತಿಳಿಯಲು ಹೆಸರು ಓದಿದರೆ ಸಾಕು. ಐ5-3470 ಎಂದರೆ ಮೊದಲ ಅಂಕಿ 3, ಮೂರನೇ ಪೀಳಿಗೆ. ಐ5-10400 ಎಂದರೆ ಹತ್ತನೇದು.

8 ಮತ್ತು 9ನೇ ಪೀಳಿಗೆಯಲ್ಲಿ ಒಂದು ಗುಂಡಿ ಇದೆ. ಅವಕ್ಕೂ ಸಾಕೆಟ್ ಹೆಸರು 1151. ಆದರೆ 6–7ನೇ ಪೀಳಿಗೆಯ ಎಚ್110 ಬೋರ್ಡ್‌ನಲ್ಲಿ ಐ3-8100 ಕೂರುತ್ತದೆಯೇ ಹೊರತು ಕೆಲಸ ಮಾಡುವುದಿಲ್ಲ. ಅದಕ್ಕೆ 300 ಸರಣಿಯ ಚಿಪ್‌ಸೆಟ್ ಇರುವ ಬೋರ್ಡ್ ಬೇಕು. "ಅದೇ ಸಾಕೆಟ್ರೀ" ಎಂಬ ಮಾತು ನಂಬಿ ತಂದವರು ಕೈ ಸುಟ್ಟುಕೊಳ್ಳುವುದು ಇಲ್ಲೇ.

ಬೋರ್ಡ್ ಯಾವುದೆಂದು ತಿಳಿಯಲು ವಿಂಡೋಸ್ ಸರ್ಚ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ಎಂದು ಹುಡುಕಿದರೆ ಬೇಸ್‌ಬೋರ್ಡ್ ಪ್ರಾಡಕ್ಟ್ ಎಂಬ ಸಾಲಿನಲ್ಲಿ ಮಾದರಿ ಸಿಗುತ್ತದೆ. ಆ ಮಾದರಿ ಹಿಡಿದು ತಯಾರಿಕಾ ಕಂಪನಿಯ ವೆಬ್‌ಸೈಟ್‌ನಲ್ಲಿ ನೋಡಿದರೆ ಯಾವ ಯಾವ ಪ್ರೊಸೆಸರ್ ನಡೆಯುತ್ತದೆ ಎಂಬ ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿ ಹೆಸರಿಲ್ಲದ ಪ್ರೊಸೆಸರ್ ಪುಕ್ಕಟೆ ಸಿಕ್ಕರೂ ಬೇಡ.

ಉದಾಹರಣೆಗೆ ನಮ್ಮ ಕಡೆ ಅಂಗಡಿಗಳಲ್ಲಿ ಕಾಣುವ ಎಚ್61 ಚಿಪ್‌ಸೆಟ್‌ನ ಬೋರ್ಡ್ ತೆಗೆದುಕೊಳ್ಳಬಹುದು. ಎರಡು ಸ್ಲಾಟ್, ಡಿಡಿಆರ್3, ಹೆಚ್ಚೆಂದರೆ 16 ಜಿಬಿ. ಅದರಲ್ಲಿ ಪೆಂಟಿಯಂ ಅಥವಾ ಐ3-2100 ಇದ್ದರೆ ಎರಡೇ ಕೋರ್. ಅದೇ ಸಾಕೆಟ್‌ಗೆ ಹೊಂದುವ ಐ5-3470 ನಾಲ್ಕು ಕೋರ್‌ನದು, ಐ7-3770 ನಾಲ್ಕು ಕೋರ್, ಎಂಟು ಥ್ರೆಡ್‌ನದು. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ಇವುಗಳಲ್ಲಿ ಐ5 ಹಾಕಿಸಿದರೆ ಹಳೆ ಎರಡು ಕೋರ್‌ಗಿಂತ ವ್ಯತ್ಯಾಸ ಎದ್ದು ಕಾಣುತ್ತದೆ. ಎರಡು ಷರತ್ತು. ಮೂರನೇ ಪೀಳಿಗೆ ಹಾಕುವ ಮೊದಲು ಹಳೆ ಬೋರ್ಡ್‌ನ ಬಯಾಸ್ ಅಪ್‌ಡೇಟ್ ಆಗಿರಬೇಕು. ಹಾಗೇ ಐ5-2400, ಐ7-2600 ಮುಂತಾದವು 95 ವ್ಯಾಟ್‌ನವು, ಐ3-2100 ಬರೀ 65 ವ್ಯಾಟ್. ಹಳೆ ಸಣ್ಣ ಫ್ಯಾನ್, ಹಳೆ ಪವರ್ ಸಪ್ಲೈ ಆ ಶಾಖ, ಆ ಭಾರ ತಡೆಯುತ್ತವೆಯೇ ಎಂದು ಕೇಳಬೇಕು.

ಎಎಂಡಿಯವರ ಎಎಂ4 ಸಾಕೆಟ್ ಮಾತ್ರ ಬಡವರ ಬಂಧು ಎನ್ನಬಹುದು. ರೈಜನ್ 2017ರಲ್ಲಿ ಬಂದಾಗ ಇದ್ದ ಈ ಸಾಕೆಟ್‌ನಲ್ಲೇ ರೈಜನ್ 5000 ಸರಣಿಯವರೆಗೂ ನಡೆಯಿತು. ರೈಜನ್ 3 1200 ಅಥವಾ ಅಥ್ಲಾನ್ ಇಟ್ಟುಕೊಂಡಿರುವ ಸ್ಟುಡಿಯೋದವರು ಬೋರ್ಡ್, ರ‍್ಯಾಮ್ ಹಾಗೇ ಇಟ್ಟು ಆರು ಕೋರ್‌ನ ರೈಜನ್ 5 5600 ಅಥವಾ 5600ಜಿ ಕೂರಿಸಬಹುದು. ಹಳೆ ಪ್ರೊಸೆಸರ್ ಬಿಚ್ಚುವ ಮೊದಲೇ ಬಯಾಸ್ ಅಪ್‌ಡೇಟ್ ಮಾಡಬೇಕು. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡ್ ಕೆಡಬಹುದು. ಯುಪಿಎಸ್ ಬ್ಯಾಟರಿ ಸತ್ತಿರುವ ಅಂಗಡಿಯಲ್ಲಿ ಈ ಕೆಲಸ ಮಾಡಿಸಬಾರದು.

ಹೆಸರಿನ ಕೊನೆಯ ಅಕ್ಷರವನ್ನೂ ಓದಬೇಕು. ಇಂಟೆಲ್‌ನಲ್ಲಿ ಐ3-12100ಎಫ್ ಎಂದು ಕೊನೆಗೆ ಎಫ್ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಮಾನಿಟರ್ ಕಪ್ಪಗೇ ಇರುತ್ತದೆ. ರೈಜನ್ 5 5600ಕ್ಕೂ ಇದೇ ಮಾತು, 5600ಜಿಯಲ್ಲಿ ಗ್ರಾಫಿಕ್ಸ್ ಇದೆ. ಅಂಗಡಿ ಬಿಲ್ಲಿಂಗ್‌ಗೆ ಎಫ್ ಬೇಡ, ಸ್ವಲ್ಪ ದುಡ್ಡು ಉಳಿಸಲು ಹೋಗಿ ಸಾವಿರಗಟ್ಟಲೆ ಕಾರ್ಡ್ ಕೊಳ್ಳಬೇಕಾಗುತ್ತದೆ.

"ಐ7 ಐತ್ರಿ" ಎಂಬ ಸ್ಟಿಕರ್‌ಗೂ ಮರುಳಾಗಬಾರದು. ಹಳೆ ಐ7-2600 ಗಿಂತ 12ನೇ ಪೀಳಿಗೆಯ ಐ3-12100 ಬಹಳ ಚುರುಕು. ಐ3, ಐ5, ಐ7 ಎಂಬುದು ಒಂದೇ ಪೀಳಿಗೆಯೊಳಗಿನ ಹಿರಿ–ಕಿರಿತನ ಅಷ್ಟೇ.

ಲ್ಯಾಪ್‌ಟಾಪ್ ಇದ್ದವರು ಪ್ರೊಸೆಸರ್ ಆಸೆ ಬಿಡುವುದೇ ಒಳ್ಳೆಯದು. ಸುಮಾರು ಹತ್ತು ವರ್ಷದಿಂದ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಅದು ಬೋರ್ಡ್‌ಗೆ ಬೆಸುಗೆ ಹಾಕಿಯೇ ಬರುತ್ತದೆ. ತೆಳ್ಳಗಿನ ಕೆಲವು ಮಾದರಿಗಳಲ್ಲಿ ರ‍್ಯಾಮ್ ಕೂಡ ಹಾಗೇ. ಸ್ಲಾಟ್ ಇದ್ದರೆ ಡೆಸ್ಕ್‌ಟಾಪ್‌ನದ್ದಲ್ಲ, ಗಿಡ್ಡ ಪಟ್ಟಿ ಬೇಕು.

ಬೋರ್ಡೇ ಬದಲಿಸಬೇಕೆಂದರೆ

ಸಾಕೆಟ್‌ನ ಹಗ್ಗ ಮುಗಿದ ಮೇಲೆ ಉಳಿಯುವುದು ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಬದಲಿಸುವುದು. ಅದು ಅಪ್‌ಗ್ರೇಡ್ ಅಲ್ಲ, ಹಳೆ ಡಬ್ಬಿಯಲ್ಲಿ ಹೊಸ ಕಂಪ್ಯೂಟರ್. ದರ ಕೇಳುವಾಗ ಮೂರನ್ನೂ ಕೂಡಿಸಿ ಕೇಳಬೇಕು. ಡಿಡಿಆರ್3 ರ‍್ಯಾಮ್ ಹೊಸ ಬೋರ್ಡ್‌ಗೆ ಬರುವುದಿಲ್ಲ ಎಂಬುದು ಬಹಳ ಮಂದಿಗೆ ಕೊನೆಗೆ ಗೊತ್ತಾಗುತ್ತದೆ. ಬ್ರ್ಯಾಂಡೆಡ್ ಆಫೀಸ್ ಡೆಸ್ಕ್‌ಟಾಪ್ ಇದ್ದರೆ ಇನ್ನೂ ಕಷ್ಟ. ಅವುಗಳಲ್ಲಿ ಹಲವಕ್ಕೆ ಪವರ್ ಸಪ್ಲೈ ಪ್ಲಗ್ಗೇ ಬೇರೆ, ಸಾಮಾನ್ಯ ಬೋರ್ಡ್ ಹೊಂದುವುದಿಲ್ಲ.

ವ್ಯಾಪಾರಿಗಳು ಇಲ್ಲಿ ಮರೆಯುವ ಇನ್ನೊಂದು ಸಂಗತಿ ಹಿಂದಿನ ಪೋರ್ಟುಗಳು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನ ಅಗಲ ಪೋರ್ಟ್, ವೇಬ್ರಿಡ್ಜ್ ತೂಕದ ಯಂತ್ರದಿಂದ ಬರುವ ಸೀರಿಯಲ್ ಕೇಬಲ್‌ನ ಪೋರ್ಟ್ ಹಳೆ ಬೋರ್ಡ್‌ಗಳಲ್ಲಿ ಇದ್ದವು. ಹೊಸ ಅಗ್ಗದ ಬೋರ್ಡ್‌ಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಯುಎಸ್‌ಬಿಗೆ ಬದಲಿಸುವ ಕೇಬಲ್ ಸಿಗುತ್ತದೆ, ಆದರೆ ಡಾಸ್ ಕಾಲದ ಬಿಲ್ಲಿಂಗ್ ಸಾಫ್ಟ್‌ವೇರ್ ಅದನ್ನು ಒಪ್ಪದೇ ಇರಬಹುದು. ಸುಗ್ಗಿಯ ಹೊತ್ತಿನಲ್ಲಿ, ಲಾರಿ ತೂಕದ ಮೇಲೆ ನಿಂತಾಗ ಚೀಟಿ ಬರದಿದ್ದರೆ ಆಗುವ ಗೋಳು ಬೇರೆಯೇ. ಇಂಥ ಅಂಗಡಿಗಳಿಗೆ ಹಳೆ ಬೋರ್ಡ್ ಉಳಿಸಿಕೊಂಡು ರ‍್ಯಾಮ್, ಎಸ್‌ಎಸ್‌ಡಿ ಹಾಕಿಸುವುದೇ ಪಾಡು.

ಬೋರ್ಡ್ ಬದಲಾದರೆ ಮಷಿನ್ ಜೊತೆ ಬಂದ ವಿಂಡೋಸ್ ಲೈಸೆನ್ಸ್ ಸಹ ಹೋಗಬಹುದು, ಅದು ಬೋರ್ಡ್‌ಗೆ ಅಂಟಿಕೊಂಡಿರುತ್ತದೆ. ಟ್ಯಾಲಿ ಲೈಸೆನ್ಸ್ ಅನ್ನು ಹಳೆ ಮಷಿನ್ ಓಡುತ್ತಿರುವಾಗಲೇ ಸರೆಂಡರ್ ಮಾಡಿ, ಹೊಸದರಲ್ಲಿ ಮತ್ತೆ ಆ್ಯಕ್ಟಿವೇಟ್ ಮಾಡಿಕೊಳ್ಳಬೇಕು. ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಯಂತ್ರ ಇದ್ದವರು ಅವುಗಳ ಡ್ರೈವರ್ ಎಲ್ಲಿ ಸಿಗುತ್ತದೆ ಎಂದು ಮೊದಲೇ ನೋಡಿಟ್ಟುಕೊಳ್ಳುವುದು ಒಳ್ಳೆಯದು. ರಿಟರ್ನ್ ಕಟ್ಟುವ ಕೊನೆ ದಿನದ ಹಿಂದಿನ ದಿನ ಈ ಕೆಲಸಕ್ಕೆ ಕೈ ಹಾಕಲೇಬಾರದು.

ವಿಂಡೋಸ್ 10ರ ಪ್ರಶ್ನೆ

ಹೊಸ ಮಷಿನ್ ಕೊಳ್ಳಲೇಬೇಕಾದ ನಿಜವಾದ ಕಾರಣ ಯಾವುದಾದರೂ ಇದ್ದರೆ ಅದು ಇದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿದ ಮನೆಬಳಕೆಯ ಕಂಪ್ಯೂಟರ್‌ಗಳಿಗೆ ಸುರಕ್ಷತಾ ಅಪ್‌ಡೇಟ್ ಒಂದು ವರ್ಷ, 2026ರ ಅಕ್ಟೋಬರ್ 13ರವರೆಗೆ ಎಂದು ಕಂಪನಿ ಪ್ರಕಟಿಸಿತ್ತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ಪೀಳಿಗೆ, ಎಎಂಡಿಯಲ್ಲಿ ಬಹುಪಾಲು ರೈಜನ್ 2000 ಸರಣಿಯಿಂದ ಮೇಲಿನದು ಬೇಕು. ಜೊತೆಗೆ ಟಿಪಿಎಂ 2.0, ಕನಿಷ್ಠ 4 ಜಿಬಿ ರ‍್ಯಾಮ್. ಹಾಗಾಗಿ ಎಚ್61 ಬೋರ್ಡ್‌ಗೆ ಐ7 ಹಾಕಿಸಿದರೂ ಅದು ವಿಂಡೋಸ್ 11ರ ಪಟ್ಟಿಗೆ ಬರುವುದಿಲ್ಲ.

ನೆಟ್ ಬ್ಯಾಂಕಿಂಗ್, ಜಿಎಸ್‌ಟಿ ಪೋರ್ಟಲ್, ಗಿರಾಕಿಗಳ ಆಧಾರ್ ಕೆಲಸ ಮಾಡುವ ಮಷಿನ್ ಅಪ್‌ಡೇಟ್ ಇಲ್ಲದೆ ಇಂಟರ್ನೆಟ್‌ಗೆ ಹೋಗುವುದು ಸುರಕ್ಷಿತ ಅಲ್ಲ. ಅಂಥವರು ಹಳೆಯದನ್ನು ಬಿಲ್ಲು, ತೂಕದ ಕೆಲಸಕ್ಕೆ ಇಂಟರ್ನೆಟ್ ತೆಗೆದು ಇಟ್ಟುಕೊಂಡು, ಬ್ಯಾಂಕಿನ ಕೆಲಸಕ್ಕೆ 8ನೇ ಪೀಳಿಗೆ ಅಥವಾ ಮೇಲಿನ ರಿಫರ್ಬಿಶ್ಡ್ ಆಫೀಸ್ ಡೆಸ್ಕ್‌ಟಾಪ್ ನೋಡಬಹುದು. ಬ್ರೌಸರ್ ಮಾತ್ರ ಸಾಕೆಂದರೆ ಉಬುಂಟು, ಮಿಂಟ್‌ನಂತಹ ಲಿನಕ್ಸ್ ಪುಕ್ಕಟೆ ಸಿಗುತ್ತದೆ. ಆದರೆ ಟ್ಯಾಲಿ, ನುಡಿ, ಕೋರೆಲ್ ಅಭ್ಯಾಸ ಆದವರಿಗೆ ಅದು ಒಗ್ಗುವುದು ಕಷ್ಟ. ಕೋರ್ 2 ಡ್ಯುಯೊ, ಡಿಡಿಆರ್2 ಕಾಲದ ಮಷಿನ್‌ಗೆ ಮಾತ್ರ ಇನ್ನು ಒಂದು ರೂಪಾಯಿಯನ್ನೂ ಹಾಕಬಾರದು.

ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಒಂದು ಲೆಕ್ಕ ಇಟ್ಟುಕೊಳ್ಳಬಹುದು. ಅಪ್‌ಗ್ರೇಡ್ ಖರ್ಚು ಅಂಥದೇ ರಿಫರ್ಬಿಶ್ಡ್ ಮಷಿನ್‌ನ ಬೆಲೆಯ ಅರ್ಧ ದಾಟಿದರೆ ಹಳೆಯದರ ಮೇಲೆ ಕೈ ಬಿಡುವುದು.

ಕೊಳ್ಳುವಾಗ, ಹಾಕಿಸುವಾಗ

ಹುಬ್ಬಳ್ಳಿಗೋ ಬೆಂಗಳೂರಿನ ಎಸ್.ಪಿ. ರಸ್ತೆಗೋ ಹೋಗಿ ತರುವವರು ಜಿಎಸ್‌ಟಿ ಬಿಲ್ಲು ಕೇಳಿ ಪಡೆಯಬೇಕು. ರೆಗ್ಯುಲರ್ ಜಿಎಸ್‌ಟಿ ನೋಂದಣಿ ಇರುವ ಅಂಗಡಿಯವರು ತಮ್ಮ ವ್ಯಾಪಾರಕ್ಕೆ ಕೊಂಡ ಬಿಡಿಭಾಗದ ಮೇಲಿನ ಶೇ 18 ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು, ಕಾಂಪೊಸಿಷನ್‌ನಲ್ಲಿ ಇರುವವರಿಗೆ ಅದಿಲ್ಲ. "ಬಿಲ್ಲಿಲ್ಲದೆ ಇನ್ನೂರು ಕಡಿಮೆ" ಎಂದಾಗ ಈ ಲೆಕ್ಕ, ವಾರಂಟಿ ಎರಡನ್ನೂ ಕೂಡಿಸಿ ನೋಡಿದರೆ ಯಾವುದು ಅಗ್ಗ ಎಂದು ಗೊತ್ತಾಗುತ್ತದೆ. ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ಅಷ್ಟು ಸುಲಭಕ್ಕೆ ಕೆಡುವ ವಸ್ತುವಲ್ಲ, ತಂದರೆ ತಪ್ಪಿಲ್ಲ. ಸೆಕೆಂಡ್ ಹ್ಯಾಂಡ್ ಎಸ್‌ಎಸ್‌ಡಿ ಬೇಡ, ಅದು ಬರೆದಷ್ಟೂ ಸವೆಯುತ್ತದೆ.

ರ‍್ಯಾಮ್ ಹಾಕುವುದು ಮನೆಯಲ್ಲೇ ಆಗುವ ಕೆಲಸ. ಮೇನ್ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು, ಕ್ಯಾಬಿನೆಟ್‌ನ ಬಣ್ಣವಿಲ್ಲದ ಕಬ್ಬಿಣ ಮುಟ್ಟಿ, ಅಂಚು ಹಿಡಿದು ಕಚ್ಚು ಹೊಂದಿಸಿ ಎರಡೂ ಕಡೆ ಕ್ಲಿಪ್ ಟಕ್ ಎನ್ನುವವರೆಗೆ ಒತ್ತುವುದು. ಹಾಕಿದ ಮೇಲೆ ಬೀಪ್ ಬೀಪ್ ಸದ್ದು ಬಂದು ಮಾನಿಟರ್ ಏಳದಿದ್ದರೆ ಗಾಬರಿ ಬೇಡ. ಹೊರಗೆ ತೆಗೆದು ಬಂಗಾರ ಬಣ್ಣದ ಪಿನ್‌ಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಹಾಕಿದರೆ ಬಹಳ ಸಲ ಸರಿಹೋಗುತ್ತದೆ. ಆಮೇಲೆ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಎಂಬ ಪರೀಕ್ಷೆಯನ್ನು ರಾತ್ರಿ ಅಂಗಡಿ ಮುಚ್ಚುವ ಮುಂಚೆ ಒಂದು ಸಲ ಓಡಿಸಬೇಕು. ದೋಷ ತೋರಿಸಿದರೆ ಮರುದಿನವೇ ಬಿಲ್ಲು ಹಿಡಿದು ಹೋಗಿ ಪಟ್ಟಿ ಬದಲಿಸಿಕೊಳ್ಳುವುದು. ಕೆಟ್ಟ ರ‍್ಯಾಮ್ ಇದ್ದ ಮಷಿನ್ ನಿಂತು ಹೋದರೆ ವಾಸಿ, ನಿಲ್ಲದೆ ಟ್ಯಾಲಿ ಡೇಟಾವನ್ನು ಕೆಡಿಸುತ್ತಾ ಹೋದರೆ ಗೊತ್ತಾಗುವುದು ತಿಂಗಳ ಕೊನೆಗೆ.